ಹಿಂದಿನಿಂದ ಬಂದ ಕುಂಟು ಹೆಜ್ಜೆ

ಚಳಿಗಾಲ ಇನ್ನೂ ಮುಗಿದಿರಲಿಲ್ಲ. ಬೆಳಕು ಹರಿಯುವ ಹೊತ್ತು. ಆಟದ ಮೈದಾನದ ಸುತ್ತಲಿನ ಮಣ್ಣುದಾರಿಯಲ್ಲಿ ಟೈಲರಮ್ಮ ಒಬ್ಬಳೇ ಹೆಜ್ಜೆ ಹಾಕುತ್ತಿದ್ದಳು.

ಅವಳ ಎಡಮಂಡಿ ಸವೆದಿತ್ತು. "ಕೂತಷ್ಟೂ ಬಿಗಿಯುತ್ತೆ. ಸಮತಟ್ಟಾದ ಕಡೆ ನಿಧಾನವಾಗಿ ನಡೀರಿ" ಎಂದಿದ್ದರು ಡಾಕ್ಟರು.

ಸವೆದದ್ದನ್ನು ಇನ್ನೂ ಸವೆಸುವುದೇ? ನಡುದಾರಿಯಲ್ಲಿ ಮಂಡಿ ಕೈಕೊಟ್ಟರೆ... ಎತ್ತುವವರು ಯಾರು?

ನಡೆಯದಿದ್ದರೆ ಅದಕ್ಕಿಂತ ದೊಡ್ಡ ಭಯ. "ಬೇಸಿಗೆಗೂ ಹೀಗೇ ಕುಂಟ್ತಿದ್ರೆ ಅಂಗಡಿಗೆ ಬೀಗ ಹಾಕಿ ನಮ್ಮೂರಿಗೆ ಕರ್ಕೊಂಡ್ ಹೋಗ್ತೀನಿ ಅಕ್ಕಾ" ಎಂದಿದ್ದಳು ತಂಗಿ.

ಟಪ್... ಸರ್ರ್... ಟಪ್... ಸರ್ರ್...

ಯಾರೋ ಹಿಂದೆ! ನಿಂತಳು. ಸದ್ದೂ ನಿಂತಿತು. ನಡೆದಳು. ಮತ್ತೆ ಬಂತು! ತಿರುಗಿ ನೋಡದೆ ಮನೆ ಸೇರಿದಳು.

ಮರುದಿನವೂ ಅದೇ. ಭಯ ತಡೆಯಲಾರದೆ ತಿರುಗಿಯೇಬಿಟ್ಟಳು.

"ಏನ್ರೀ, ನನ್ನ ಕುಂಟು ನಿಮಗೆ ಆಟವಾ? ಅಣಕಿಸ್ಕೊಂಡು ಹಿಂದೇನೇ ಬರ್ತೀರಲ್ಲ!"

ನರೆಗೂದಲಿನ ಗಂಡಸು ಬೆಚ್ಚಿಬಿದ್ದರು. "ಅಯ್ಯೋ, ಅಣಕ ಅಲ್ಲಮ್ಮ! ನನ್ನ ನಡಿಗೇನೇ ಇಷ್ಟು!"

ಅವಳ ಕಣ್ಣು ಅವರ ಪ್ಯಾಂಟಿನ ಮೇಲೆ ಬಿತ್ತು. ಎಡಗಾಲಿನ ಅಂಚು ನೆಟ್ಟಗಿತ್ತು. ಬಲಗಾಲಿನದು ನೆಲಕ್ಕೆ ಉಜ್ಜಿ ನೂಲುನೂಲಾಗಿತ್ತು. ಬದುಕೆಲ್ಲ ಅಂಚು ಹೊಲಿದವಳು ಇದನ್ನು ನೋಡುವ ಮೊದಲೇ ಬೈದುಬಿಟ್ಟಳಲ್ಲ!

"ಬಸ್ ಓಡ್ಸಿ ಓಡ್ಸಿ ಮಂಡಿ ಹೋಯ್ತು. ಬಿದ್ರೆ ಕೂಗೋಕೆ ಮುಂದೊಬ್ರು ಇರ್ಲಿ ಅಂತ ನಿಮ್ಮ ಹಿಂದೆ ಬರ್ತಿದ್ದೆ."

"ಎತ್ತೋಕೆ ನಾನೇ ಸಿಕ್ಕಿದ್ನಾ? ಇಬ್ರೂ ಮಣ್ಣಲ್ಲೇ!"

ಇಬ್ಬರಿಗೂ ನಗು ಬಂತು. ಅಂದಿನಿಂದ ಜೊತೆಯಾಗಿ ನಡೆದರು. ಮಂಡಿಯ ಬಿಗಿತ ಮೆಲ್ಲಗೆ ಸಡಿಲಿತು. ಆದರೆ ಹೊಸ ಭಯವೊಂದು ಹುಟ್ಟಿತು. ಬೆಳಗಾಗುವುದನ್ನೇ ಕಾಯುತ್ತೇನಲ್ಲ... ಈ ವಯಸ್ಸಿನಲ್ಲಿ ಇದೇನು?

ಬೇಸಿಗೆಗೆ ತಂಗಿ ಬಂದಳು. ಕುಂಟು ಇನ್ನೂ ಪೂರ್ತಿ ಹೋಗಿಲ್ಲವೆಂದು, ಅಕ್ಕನ ಮಾತಿಗೂ ಕಾಯದೆ ಬಟ್ಟೆ ಕಟ್ಟತೊಡಗಿದಳು. "ಭಾನುವಾರ ಹೊರಡೋಣ."

ಡ್ರೈವರಿಗೆ ತಿಳಿಸಿದಾಗ ಅವರು, "ಒಳ್ಳೇದಾಯ್ತು ಬಿಡಿ" ಎಂದಷ್ಟೇ ಹೇಳಿ ಮುಖ ತಿರುಗಿಸಿದರು. ಇವರಿಗೆ ಅಷ್ಟೇನಾ ನಾನು?

ಮರುದಿನ ಅವರು ಬರಲಿಲ್ಲ.

ಬಿದ್ದರೇ? ಒಬ್ಬರೇ ಇರುವ ಮನೆ... ಕೂಗಿದರೂ ಯಾರಿಗೆ ಕೇಳೀತು?  ಮೈದಾನ ದಾಟಿದಳು, ಉದ್ದನೆಯ ಬೀದಿ ದಾಟಿದಳು, ಬಸ್ ಡಿಪೋ ಹಿಂದಿನ ಅವರ ಮನೆಯ ಮುಂದೆ ಏದುಸಿರು ಬಿಡುತ್ತಾ ನಿಂತಳು.

ಅವರು ಮೆಟ್ಟಿಲ ಮೇಲೆ ಕೂತಿದ್ದರು. ಶೂ ಕೈಯಲ್ಲೇ ಇತ್ತು.

"ಬಿದ್ರೇನ್ರೀ?!"

"ಇಲ್ಲ... ಬಂದ್ರೆ 'ಹೋಗ್ಬೇಡಿ' ಅಂದ್ಬಿಡ್ತೀನೇನೋ ಅಂತ ಹೆದ್ರಿದೆ."

"ಅಂದಿದ್ರೆ?"

"ನೀವು ನಕ್ಕುಬಿಟ್ಟಿದ್ರೆ?"

ಅವಳು ನಗಲಿಲ್ಲ. ಕಣ್ಣು ತುಂಬಿತು. ಅವರ ಪಕ್ಕದಲ್ಲೇ ಕೂತಳು.

"ಇಷ್ಟು ದೂರ... ನಡ್ಕೊಂಡೇ ಬಂದ್ರಾ?"

ಆಗಲೇ ಅವಳಿಗೂ ಹೊಳೆದದ್ದು. ಮಂಡಿಯ ನೆನಪೇ ಆಗಿರಲಿಲ್ಲ!

"ಆ ಪ್ಯಾಂಟ್ ಕೊಡಿ. ಅಂಚು ಮಡಚಿ ಹೊಲೀತೀನಿ."

"ಮತ್ತೆ ಸವೆಯುತ್ತಲ್ಲ?"

"ಸವೀಲಿ. ನಾನೆಲ್ಲಿಗೆ ಹೋಗ್ತೀನಿ?"

ಭಾನುವಾರ ತಂಗಿ ಒಬ್ಬಳೇ ಹೊರಟಳು. ಬಸ್‌ಸ್ಟ್ಯಾಂಡಿನವರೆಗೆ ಅಕ್ಕ ನಡೆದೇ ಹೋಗಿ ಬೀಳ್ಕೊಟ್ಟಳು.