ಪೆಟ್ಟಿಗೆಯೊಳಗೆ ಮಲಗುತ್ತಿದ್ದವಳು

ಫೆಬ್ರವರಿ 14, ಶುಕ್ರವಾರ, ಬೆಳಗ್ಗೆ 10.20. ವಿಜಯನಗರದ ನಿವೃತ್ತ ಉಪನ್ಯಾಸಕ ಮಹಾಂತೇಶ್ ಠಾಣೆಗೆ ಬಂದು ದೂರು ಕೊಟ್ಟರು. ಮೈಸೂರಿನ ಜಾದೂಗಾರರ ಚರಿತ್ರೆಯನ್ನು ಆರು ವರ್ಷ ಕೂತು ಬರೆದಿದ್ದರು. ಕೈಬರಹದ ಪ್ರತಿ ಒಂದೇ ಒಂದು. ಸೋಮವಾರ ಅಚ್ಚಿಗೆ ಹೋಗಬೇಕಿತ್ತು. ಅದೇ ಕಳವಾಗಿತ್ತು.

ಇನ್‌ಸ್ಪೆಕ್ಟರ್ ಕುಸುಮ ಎಫ್‌ಐಆರ್ ದಾಖಲಿಸಿ, 11.30ಕ್ಕೆ ಹೆಡ್ ಕಾನ್‌ಸ್ಟೆಬಲ್ ಮಂಟೇಸ್ವಾಮಿಯೊಡನೆ ಮನೆಗೆ ಹೋದರು. ಪ್ರತಿ ಇದ್ದದ್ದು ತೀರಿಕೊಂಡ ಜಾದೂಗಾರ ಪ್ರೊಫೆಸರ್ ಲಕ್ಷ್ಮೀನರಸಿಂಹ ಅವರ ಮರದ ಮಾಯಾಪೆಟ್ಟಿಗೆಯಲ್ಲಿ. ಮಹಾಂತೇಶರೇ ಅದನ್ನು ಹುಡುಕಿ ತಂದಿಟ್ಟುಕೊಂಡಿದ್ದರು. ಬೀಗ ಹಾಕಿದಂತೆಯೇ ಇತ್ತು. ಕೀಲಿಕೈ ಅವರ ಕೊರಳಲ್ಲೇ ಇತ್ತು.

ಮಂಟೇಸ್ವಾಮಿ ಪಂಚರ ಎದುರು ನೆಲ ಪರೀಕ್ಷಿಸಿದರು. "ಮೇಡಂ, ಪೆಟ್ಟಿಗೆ ಗೋಡೆ ಬಿಟ್ಟು ಒಂದು ಗೇಣು ಈಚೆ ಬಂದದೆ."

"ಜಾದೂ ಆಟದಲ್ಲಿ ಪೆಟ್ಟಿಗೆ ಒಳಗಿದ್ದೋರು ಎಲ್ಲಿಂದ ಈಚೆ ಬರೋರು ಸಾರ್?" ಕುಸುಮ ಕೇಳಿದರು.

"ಅದು ಪ್ರೊಫೆಸರ್ ಗುಟ್ಟು. ಅವರ ಜೊತೇಲೇ ಹೋಯ್ತು."

"ಒಳಗೆ ಮಲಗ್ತಿದ್ದೋರು?"

"ಯಾರೋ ಸಹಾಯಕಿ."

"ಹೆಸರು?"

ಮಹಾಂತೇಶ್ ಕನ್ನಡಕ ಒರೆಸಿದರು. ಬುಧವಾರ ಆಕೆಯನ್ನು ಇದೇ ಕೋಣೆಗೆ ಕರೆಸಿ, ಪ್ರೊಫೆಸರ್ ಬಗ್ಗೆ ಎರಡು ಗಂಟೆ ಮಾತಾಡಿಸಿದ್ದರು. ನಡುವೆ ಕಾಫಿ ಮಾಡಲು ಒಳಗೆ ಹೋಗಿದ್ದರು. ಫೋನಿನಲ್ಲಿ ನಂಬರೇನೋ ಇತ್ತು, 'ಪೆಟ್ಟಿಗೆ ಹೆಂಗಸು' ಎಂದು.

"ಚೆಂದಾಗಿದೆ ಸಂಶೋಧನೆ," ಎಂದರು ಮಂಟೇಸ್ವಾಮಿ.

ಕುಸುಮ ಫೋನ್ ಮಾಡಿದಾಗ ಆಕೆಯೇ ವಿಳಾಸ ಹೇಳಿದಳು. ಮಧ್ಯಾಹ್ನ 3.15, ಮೇಟಗಳ್ಳಿ. ಎಪ್ಪತ್ತೊಂದರ ದೇವಿರಮ್ಮ ಜಗಲಿಯ ಮೇಲೆ ಕೂತಿದ್ದಳು. ಹಸ್ತಪ್ರತಿ ಮಡಿಲಲ್ಲಿ, ಕೈಯಲ್ಲಿ ಪೆನ್ಸಿಲ್.

"ಕೂತ್ಕಳಿ. ಇನ್ನು ನಾಕು ಪುಟ ಅದೆ."

"ಕದ್ದಿದ್ದು ಒಪ್ಕೋತೀರಾ?"

"ಹಿಂದ್ಗಡೆ ಕೆಳಗ್ಲ ಮೂಲೆ ಒತ್ತಿದ್ರೆ ಹಲಗೆ ತೆಕ್ಕತದೆ. ಇಪ್ಪತ್ತೆಂಟು ವರ್ಸ ಅದರೊಳಗೆ ಮುದುರ್ಕಂಡಿದ್ದೋಳು ನಾನು. ಆ ಹಲಗೆ ಯೋಚ್ನೇನೂ ನಂದೇ ಕಣಮ್ಮ. ಈವಯ್ಯ ಬರ್ದವ್ನೆ, ಸಹಾಯಕಿ ಅಂತ. ನಮ್ಮಪ್ಪ ನಮ್ಮವ್ವ ನಂಗೆ ಹೆಸ್ರು ಇಕ್ಕಿರ್ನಿಲ್ವಾ?"

"ಅವರನ್ನೇ ಕೇಳಬಹುದಿತ್ತಲ್ಲ."

"ನನ್ನೆಸ್ರು ಹಾಕಪ್ಪ ಅಂತ ಕೇಳ್ದೆ. ನಕ್ಬುಟ್ಟ. ಈಗ ಅದ್ಯಾಕಮ್ಮ ಅಂದ."

ಹಸ್ತಪ್ರತಿಯನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಸಂಜೆ 4.10ಕ್ಕೆ ದಸ್ತಗಿರಿ. ಮಹಿಳಾ ಕಾನ್‌ಸ್ಟೆಬಲ್ ದಿವ್ಯ ಮೆಮೋ ತುಂಬುತ್ತಿದ್ದಳು.

"ಕಸುಬು? ಮನೆಗೆಲಸ ಅಂತ ಹಾಕ್ಲಾ ಅಜ್ಜಿ?"

"ಜಾದೂಗಾರ್ತಿ ಅಂತ ಹಾಕು. ದಪ್ಪಕ್ಕೆ ಬರಿ."

ಠಾಣೆಯಲ್ಲಿ ಮಹಾಂತೇಶ್ ಪುಟ ತಿರುವಿ ನೋಡಿದರು. ನಲವತ್ತೊಂದು ಕಡೆ 'ಸಹಾಯಕಿ'ಗೆ ಅಡ್ಡಗೆರೆ. ಮೇಲೆ ದುಂಡಗೆ, 'ದೇವಿರಮ್ಮ'.

"ಒಂದು ರಬ್ಬರ್ ಕೊಡಿ ಮೇಡಂ. ಸೋಮವಾರ ಪ್ರೆಸ್ಸಿಗೆ ಕೊಡಬೇಕು."

"ಇದು ಸಾಕ್ಷ್ಯ ಸಾರ್. ಕೇಸು ಮುಗಿಯೋವರೆಗೂ ಒಂದಕ್ಷರ ಅಳಿಸೋ ಹಾಗಿಲ್ಲ. ಕೋರ್ಟಿಗೆ ಅರ್ಜಿ ಹಾಕಿ ಜೆರಾಕ್ಸ್ ತಗೊಳ್ಳಿ. ಇದ್ದಂಗೇ ಬರುತ್ತೆ."

ಬೆಂಚಿನ ಮೇಲಿದ್ದ ದೇವಿರಮ್ಮ ಟೀ ಲೋಟ ಕೆಳಗಿಟ್ಟಳು. ಕುಸುಮ ಕೇಸ್ ಡೈರಿಯಲ್ಲಿ ಬರೆದರು: ಕೃತ್ಯದ ಉದ್ದೇಶ ಲಾಭವಲ್ಲ. ತನ್ನ ಕೆಲಸದ ಮೇಲೆ ತನ್ನ ಹೆಸರಿರಲಿ ಎಂಬುದಷ್ಟೇ.

"ಇನ್ನು ನಾಕು ಪುಟ ಉಳ್ಕಂಡ್ವಲ್ಲ," ಎಂದಳು ದೇವಿರಮ್ಮ, "ಅದನ್ನ ಅವಯ್ಯನ ಕೈಲೇ ಬರ್ಸಿ."