ಗಬ್ಬೂರಿನ ಬಚ್ಚಲಮನೆ

ಗಬ್ಬೂರಿನ ಮುಸರತಳ ಗಂಡ ಹಫೀಜ, ಹೊಸದಾಗಿ ಮಾಡಿಸಿದ ಬಚ್ಚಲಮನೆಯಲ್ಲಿ ನಲ್ಲಿ ಮುಟ್ಟಿ ಕರೆಂಟು ಹೊಡೆದು ಸತ್ತ. ಗೀಜರಿಗೆ ಅರ್ಥಿಂಗ್ ಕೊಟ್ಟಿರಲಿಲ್ಲ. ಆಮೇಲೆ ಎಲೆಕ್ಟ್ರಿಷಿಯನ್ ಕಮರುದ್ದೀನ ಆ ಗೀಜರ್ ಕಿತ್ತುಹಾಕಿ, ಹೊಸ ವೈರು ಎಳೆದು, ಅರ್ಥಿಂಗ್ ಮಾಡಿ, ಎಲ್ಲ ಸುರಕ್ಷಿತವೆಂದು ಸರ್ಟಿಫಿಕೇಟನ್ನೂ ಕೊಟ್ಟ. ಆದರೂ ಒಂದು ಮಧ್ಯಾಹ್ನ ಮುಸರತ ಅವನನ್ನು ಮತ್ತೆ ಕರೆಸಿದಳು.

"ಕಾಕಾ, ನಲ್ಲಿ ಮುಟ್ಟಿದ್ರ ಕೈ ಜುಮ್ ಅಂತೈತ್ರಿ. ಗೀಜರ್ ಇಲ್ದಿದ್ರೂ ನೀರು ಬಿಸಿ ಬರಾಕತ್ತಾವು."

ಕಮರುದ್ದೀನ ಮೇನ್ ಆಫ್ ಮಾಡಿ, ಫ್ಯೂಜು ಕಿತ್ತು ಜೇಬಿಗಿಟ್ಟುಕೊಂಡ. ನಲ್ಲಿಗೆ ಟೆಸ್ಟರ್ ಹಿಡಿದರೆ ಕೆಂಪು ದೀಪ ಹತ್ತಿತು. ಲೈನ್‌ಮ್ಯಾನ್ ಬಂದು ಕಂಬದ ತಂತಿಯನ್ನೇ ಬಿಡಿಸಿದ. ದೀಪ ಆರಲಿಲ್ಲ.

"ಬೇಟಿ, ಈ ಮನಿ ಬಿಟ್ಬಿಡು."

"ಎಲ್ಲಿಗಂತ ಹೋಗ್ಲಿರಿ ಕಾಕಾ?"

ಕಮರುದ್ದೀನ ಜೇಬಿನಲ್ಲಿದ್ದ ಫ್ಯೂಜನ್ನು ಅವಳ ಕೈಗಿಟ್ಟು ಹೊರಟ.

ಮುಸರತ ಇವತ್ತಿಗೂ ಕರೆಂಟಿಲ್ಲದ ಆ ಮನೆಯಲ್ಲೇ ಇದ್ದಾಳೆ. ರಬ್ಬರ್ ಚಪ್ಪಲಿ ಹಾಕಿಕೊಂಡೇ ಸ್ನಾನ ಮಾಡುತ್ತಾಳೆ.