ಬೆನ್ನಿಗೊಂದು ಮುಖ

ಕಾರಿಡಾರಿನಲ್ಲಿ ಅವನು ಮುಂದೆ ಹೋಗುತ್ತಿದ್ದ. ಎಡಗಾಲನ್ನು ತುಸು ಎಳೆದುಕೊಂಡು ಲಿಫ್ಟಿನ ಕಡೆ ನಡೆದ ರೀತಿ ನೋಡಿ ಅವಳಿಗೆ ಅನುಮಾನವೇ ಉಳಿಯಲಿಲ್ಲ. ಸಪ್ಪಳ ಮಾಡದೆ ಹಿಂದಿನಿಂದ ಹೋಗಿ ಭುಜಕ್ಕೆ ತಟ್ಟಿದಳು.

“ಏನ್ರೀ, ಗಾಜು ಒಡ್ಕೊಂಡು ಹಾರೋದೇನೋ ಹಾರಿದ್ರಿ. ಮೊಣಕಾಲು ಡಾಕ್ಟರಿಗೆ ತೋರಿಸಿದ್ರಾ, ಇಲ್ಲ ಅದನ್ನೂ ನಾನೇ ಅಳಿಸಬೇಕಾ?”

ಅವನು ತಿರುಗಿದ. ಅಣ್ಣ.

ಕಟ್ಟಡದ ನೆತ್ತಿಯ ಮೇಲೆ ದೀಪದ ಬೋರ್ಡಿನಲ್ಲಿರುವ ಮುಖ, ಗೇಣು ದೂರದಲ್ಲಿ. ಅವಳು ನಾಲಿಗೆ ಕಚ್ಚಿಕೊಂಡಳು. “ಅಯ್ಯೋ, ಸಾರಿ ಅಣ್ಣಾ. ನಾನು ಬೇರೆ ಯಾರೋ ಅಂತ...”

ಅಣ್ಣನಿಗೆ ಸಿಟ್ಟು ಬರಲಿಲ್ಲ. ಬಹುಮಾನ ಬಂದವರ ಹಾಗೆ ಮುಖ ಅರಳಿತು. “ಮೋಸ ಹೋದ್ಯಾ? ನಿಜವಾಗ್ಲೂ? ಹಾಗಾದ್ರೆ ನಡಿಗೆ ಕೂತಿದೆ ಬಿಡು.”

ಎಡಗಾಲು ಎಳೆಯುತ್ತಲೇ ಲಿಫ್ಟು ಹತ್ತಿದರು. ಅವರ ಮೊಣಕಾಲಿಗೆ ಏನೂ ಆಗಿರಲಿಲ್ಲ.

ಕಂಪನಿಯಲ್ಲಿ ಎಲ್ಲರಿಗೂ ಅವರು ಅಣ್ಣ. ಯಾವ ನಿರ್ಮಾಪಕನೂ ಕರೆಯದೆ ಮನೆಯಲ್ಲಿ ಕೂತಿದ್ದ ಕಾಲದಲ್ಲಿ, ಅಕ್ಕನ ಕಾರ್ ಶೆಡ್ಡಿನಲ್ಲಿ ಬಾಡಿಗೆ ಕ್ಯಾಮೆರಾ ಇಟ್ಟುಕೊಂಡು ಈ ಕಂಪನಿ ಶುರು ಮಾಡಿದ್ದ ನಟ. ಹಾಡು ಕುಣಿತಕ್ಕೆ ಗತಿಯಿರಲಿಲ್ಲ, ಹಾಗಾಗಿ ಬರೀ ಹೊಡೆದಾಟ ತೆಗೆದರು. ಜನ ಮುಗಿಬಿದ್ದರು. ಶೆಡ್ಡು ಗೋದಾಮಾಯಿತು, ಗೋದಾಮು ಸ್ಟುಡಿಯೋ ಆಯಿತು. ಹೊಡೆದಾಟದ ಚಿತ್ರ ಅಂದರೆ ಅಣ್ಣನ ಕಂಪನಿ ಅನ್ನುವಂತಾಯಿತು. ಪ್ರತಿ ಪೋಸ್ಟರಿನ ಕೆಳಗೂ ಒಂದೇ ಸಾಲು: ಎಲ್ಲ ಸಾಹಸ ಅಣ್ಣನದೇ.

ಮೊದಲ ಚಿತ್ರಗಳಲ್ಲಿ ಆ ಮಾತು ನಿಜವೂ ಆಗಿತ್ತು. ಆಮೇಲೊಮ್ಮೆ ಅಣ್ಣ ಲಾರಿಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡರು. ಪೋಸ್ಟರಿನ ಸಾಲು ತೆಗೆಯಲು ಅಕ್ಕ ಒಪ್ಪಲಿಲ್ಲ. ಕಂಪನಿಯ ವ್ಯವಹಾರವೆಲ್ಲ ಅಕ್ಕನ ಕೈಯಲ್ಲಿತ್ತು. ಅಣ್ಣನಷ್ಟೇ ಎತ್ತರ, ಅಷ್ಟೇ ಭುಜದಗಲ ಇರುವ ಒಬ್ಬ ಸ್ಟಂಟ್‌ಮನ್‌ನನ್ನು ಹುಡುಕಿ ತಂದರು. ಮೊದಮೊದಲು ಅವನನ್ನು ಹಿಂದಿನಿಂದ ಮಾತ್ರ ತೆಗೆಯುತ್ತಿದ್ದರು. ಹಾಗೆ ಅವನ ಅಡ್ಡಹೆಸರು ‘ಬೆನ್ನು’ ಎಂದೇ ಆಯಿತು.

ಬರಬರುತ್ತ ಜನಕ್ಕೆ ಮುಂದಿನಿಂದಲೂ ಬೇಕಾಯಿತು. ಆಗ ಅವಳನ್ನು ಕೆಲಸಕ್ಕೆ ತೆಗೆದುಕೊಂಡರು. ಒಂದೊಂದೇ ಫ್ರೇಮಿನಲ್ಲಿ ಅವನ ಮುಖ ಅಳಿಸಿ ಅಣ್ಣನ ಮುಖ ಕೂರಿಸಬೇಕು. ಅವಳಿಗೂ ಹೆಸರು ಬಿತ್ತು, ರಬ್ಬರ್ ಮೇಡಂ.

ತನ್ನ ಮುಖ ಅಳಿದುಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದನ್ನು ಕೊನೆಯ ಸಲ ನೋಡುವವಳು ಅವಳೊಬ್ಬಳೇ ಎಂಬುದೂ ಗೊತ್ತಿತ್ತು.

ಒಂದು ದಿನ, ಮಹಡಿಯಿಂದ ಬೀಳುವ ಶಾಟಿನಲ್ಲಿ ಅವನ ತುಟಿ ಅಲುಗಿದ್ದು ಕಂಡಿತು. ಹಿಂದಕ್ಕೆ ಓಡಿಸಿ, ನಿಧಾನ ಮಾಡಿ ನೋಡಿದಳು. ತಲೆ ಕೆಳಗಾಗಿ ಬೀಳುತ್ತಾ ಅವನು ಕೇಳುತ್ತಿದ್ದ: ಊಟ ಆಯ್ತಾ?

ಅವಳು ನಕ್ಕ ಸದ್ದಿಗೆ ಪಕ್ಕದ ರೂಮಿನವರು ಇಣುಕಿದರು.

ಆಮೇಲೆ ಅದೇ ಅಭ್ಯಾಸವಾಯಿತು. ಕತ್ತಿಯ ಬೀಸು ತಪ್ಪಿಸಿಕೊಳ್ಳುತ್ತ, ‘ನಿನಗೆ ಹಸಿರು ಬಣ್ಣ ಒಪ್ಪುತ್ತೆ.’ ಬೆಂಕಿಯ ನಡುವೆ ಓಡುತ್ತ, ‘ಸೆಕೆ ಕಣೇ.’ ಹತ್ತು ಜನರಿಂದ ಒದೆ ತಿನ್ನುತ್ತ, ‘ನೀನಾದ್ರೂ ಇವತ್ತು ಬೈಬೇಡ.’ ಎದುರು ಸಿಕ್ಕರೆ ಮಾತ್ರ ಬಾಯಿ ಹೊಲಿದವನ ಹಾಗೆ. ನೆಲ ನೋಡುತ್ತ, “ನೀವು ಚೆನ್ನಾಗಿದ್ದೀರಾ?” ಅನ್ನುತ್ತಿದ್ದ. ‘ನೀನು’ ಎಲ್ಲ ಗಾಳಿಯಲ್ಲಿ, ನೆಲಕ್ಕೆ ಬಂದ ಮೇಲೆ ‘ನೀವು’.

ಅವಳು ಇನ್ನೊಂದನ್ನು ಗಮನಿಸಿದಳು. ಪ್ರತಿ ಏಟಿಗೆ, ಪ್ರತಿ ನೆಗೆತಕ್ಕೆ ಮುಂಚೆ ಅವನ ಕಣ್ಣು ಒಮ್ಮೆ ಬಿಗಿಯಾಗಿ ಮುಚ್ಚಿ ತೆರೆಯುತ್ತಿತ್ತು. ಹೆದರಿಕೆ. ಅದನ್ನೂ ಅಳಿಸಬೇಕು, ಯಾಕೆಂದರೆ ಅಣ್ಣ ಕಣ್ಣು ಮಿಟುಕಿಸುವುದಿಲ್ಲ. ಜನ ಶಿಳ್ಳೆ ಹೊಡೆಯುತ್ತಿದ್ದುದೇ ಅದಕ್ಕೆ. ಆ ಫ್ರೇಮು ಬಂದಾಗ ಅವಳ ಕೈ ನಿಲ್ಲುತ್ತಿತ್ತು. ಪ್ರೀತಿ ಹುಟ್ಟಿದ್ದು ಎಲ್ಲಿ ಎಂದು ಯಾರಾದರೂ ಕೇಳಿದ್ದರೆ ಅಲ್ಲಿಗೇ ಬೆರಳಿಟ್ಟು ತೋರಿಸುತ್ತಿದ್ದಳೇನೋ. ಯಾರೂ ಕೇಳಲಿಲ್ಲ. ಅಳಿಸಿದಳು.

ಅಣ್ಣನನ್ನು ಅವನೆಂದು ತಿಳಿದು ಮಾತಾಡಿಸಿದ ಆ ದಿನವೇ ಕ್ಯಾಂಟೀನಿನಲ್ಲಿ ಅವನು ಸಿಕ್ಕ.

“ಅಣ್ಣ ನಿಮ್ಮ ಕುಂಟು ಕದ್ದಿದ್ದಾರೆ ಕಣ್ರೀ,” ಅಂದಳು.

“ಕದ್ದಿಲ್ಲ. ನನ್ನ ಹತ್ರಾನೇ ಕೂತು ಕಲಿತರು. ಪರದೆ ಮೇಲೆ ಕುಂಟಿದವರು ಹೊರಗೂ ಕುಂಟಬೇಕಲ್ಲ.” ಅವನು ಚಹಾದ ಲೋಟ ತಿರುಗಿಸುತ್ತ ಕೂತಿದ್ದ. “ನಾನೇನು ಕಮ್ಮಿ? ಹಲ್ಲುಜ್ಜುವಾಗ ಕನ್ನಡೀಲಿ ನನ್ನ ಹುಬ್ಬು ಅಣ್ಣನ ಥರ ಮೇಲೆ ಹೋಗುತ್ತೆ. ನಾನು ಏರಿಸಿದ್ದಲ್ಲ. ತಾನೇ ಏರುತ್ತೆ.”

“ಕನ್ನಡಿ ಒರೆಸಿ ನೋಡಿ.”

ಅವನು ನಗಲಿಲ್ಲ. “ಭಾನುವಾರ ಮನೆಗೆ ಹೋಗಿದ್ದೆ. ಅಮ್ಮ ಬಾಗಿಲು ತೆಗೆದು, ‘ಬನ್ನಿ, ಒಳಗೆ ಬನ್ನಿ’ ಅಂದ್ರು. ಒಳ್ಳೇ ಲೋಟದಲ್ಲಿ ನೀರು ಕೊಟ್ರು. ‘ನನ್ನ ಮಗನೂ ನಿಮ್ಮಲ್ಲೇ ಕೆಲಸಕ್ಕಿದಾನೆ, ಸ್ವಲ್ಪ ನೋಡ್ಕೊಳ್ಳಿ’ ಅಂದ್ರು.”

“ತಮಾಷೆ ಮಾಡಿರ್ತಾರೆ.”

“ಹೂಂ. ನಾನೂ ನಗ್ತಾನೇ ಇದ್ದೆ. ಹೊರಡುವಾಗ ಗೇಟಿನ ತನಕ ಬಂದ್ರು. ‘ಅವನನ್ನ ಒಂದ್ಸಲ ಮನೆಗೆ ಕಳಿಸಿಕೊಡಿ, ನೋಡಿ ತುಂಬ ದಿನ ಆಯ್ತು’ ಅಂದ್ರು.”

ಅವಳು ಎತ್ತಿದ್ದ ತುತ್ತನ್ನು ತಟ್ಟೆಗೇ ಇಳಿಸಿದಳು.

ಮುಂದಿನ ವಾರ ಹೊಸ ಚಿತ್ರದ ಫೂಟೇಜು ಬಂತು. ಹೊಗೆ, ಕಬ್ಬಿಣದ ಸೇತುವೆ, ಕೆಳಗೆ ನೀರು. ಸೇತುವೆಯಿಂದ ಹಾರುತ್ತಿದ್ದ ಮೈ ಅವನದು. ಮುಖ ಅಣ್ಣನದು. ಅವಳು ಇನ್ನೂ ಕೈಯೇ ಹಚ್ಚಿರಲಿಲ್ಲ.

ಅಣ್ಣನ ತುಟಿ ಅಲುಗಿತು. ಅವಳು ನಿಧಾನ ಮಾಡಿ ನೋಡಿದಳು.

‘ನನ್ನ ಮುಖ ಕಾಣ್ತಿದೆಯಾ?’

ಕೆಳಗೆ ನೀರು ಮುಟ್ಟುವವರೆಗೂ ಕಣ್ಣು ಮಿಟುಕಲಿಲ್ಲ. ಅವಳು ಎದ್ದು ನೇರ ಅಕ್ಕನ ರೂಮಿಗೆ ಹೋದಳು.

“ಹೊಸ ಮಿಷನ್ನು ಕಣೇ,” ಅಕ್ಕ ಕನ್ನಡಕ ಒರೆಸುತ್ತ ಹೇಳಿದರು. “ಕ್ಯಾಮೆರಾದಿಂದಲೇ ಮುಖ ಬದಲಾಗಿ ಬರುತ್ತೆ. ಇಷ್ಟು ವರ್ಷ ನೀನು ಮಾಡಿದ್ದನ್ನೆಲ್ಲ ಅದಕ್ಕೆ ಉಣಿಸಿ ಕಲಿಸಿದ್ದು. ಅದರ ಮೇಷ್ಟ್ರು ನೀನೇ ಅಂದ್ಕೋ.”

“ಮೂಲ ಎಲ್ಲಿದೆ ಅಕ್ಕಾ? ಅವರ ಮುಖ ಇರೋದು?”

“ಇದೇ ಮೂಲ.”

“ಹಳೇ ಚಿತ್ರಗಳದ್ದು?”

“ತೆಗೆಸಿಹಾಕಿದೆ. ಹೊರಗೆ ಹೋದ್ರೆ ಕಂಪನಿ ಉಳಿಯುತ್ತಾ? ಯಾರು ನೋಡ್ಲಿ ಅಂತ ಇಟ್ಕೋಬೇಕು?” ಅಕ್ಕ ಕನ್ನಡಕ ಹಾಕಿಕೊಂಡರು. “ಶನಿವಾರ ಅಂಗಳದಲ್ಲಿ ಟ್ರೇಲರ್ ಬಿಡುಗಡೆ. ಅಣ್ಣ ಮೇಲಿಂದ ಹಗ್ಗದಲ್ಲಿ ಇಳೀಬೇಕು. ಅಂದ್ರೆ, ಅವನು. ಮೇಕಪ್‌ನವರು ಮುಖವಾಡ ಮಾಡಿದ್ದಾರೆ, ಒಡಹುಟ್ಟಿದ ನಾನೇ ಬೆಚ್ಚಿಬಿದ್ದೆ. ಇನ್ಮೇಲೆ ಹೊರಗಿನ ಓಡಾಟವೆಲ್ಲ ಅವನದೇ. ತಮ್ಮನ ಸೊಂಟ ಎಷ್ಟು ಅಂತ ತಡೆಯುತ್ತೆ?”

“ಅವರು ಒಪ್ಪಿದ್ರಾ?”

“ಬೇಡ ಅನ್ನಲಿಲ್ಲ. ಈಚೆಗೆ ಅವನು ಏನೂ ಅನ್ನಲ್ಲ.”

ರೂಮಿಗೆ ಬಂದು ಕಣ್ಣು ಮುಚ್ಚಿ ಅವನ ಮುಖ ನೆನಪಿಸಿಕೊಂಡಳು. ಮೂಗು ಬಂತು, ಅಣ್ಣನ ಮೂಗು. ಗಲ್ಲ ಬಂತು, ಅದೂ ಅಣ್ಣನದೇ. ಇಷ್ಟು ವರ್ಷ ಪರದೆಯ ಮೇಲೆ ಅಳಿಸಿದ್ದು ತನ್ನೊಳಗೂ ಅಳಿಸಿಹೋಗಿತ್ತು. ಹೆತ್ತ ತಾಯಿಯೇ ‘ಬನ್ನಿ’ ಅಂದಾಗಿದೆ. ಶನಿವಾರ ಅವನು ಆ ಮುಖ ಹೊತ್ತು ಜನರ ಮುಂದೆ ಇಳಿದರೆ, ಅವನನ್ನು ಅವನೆಂದು ಕರೆಯುವವರು ಯಾರೂ ಉಳಿಯುವುದಿಲ್ಲ. ಅವಳೂ ಸೇರಿ.

ಶನಿವಾರ ಮಧ್ಯಾಹ್ನ ಅಂಗಳದ ತುಂಬ ಜನ. ಅವಳು ಮೇಕಪ್ ರೂಮಿನ ಬಾಗಿಲು ತಳ್ಳಿದಳು. ಬಲ್ಬುಗಳ ಸಾಲಿನ ಕೆಳಗೆ ಇಬ್ಬರು ಅಣ್ಣಂದಿರು ಕೂತಿದ್ದರು. ಒಂದೇ ಕಪ್ಪು ಕೋಟು, ಒಂದೇ ಹುಬ್ಬು. ಕನ್ನಡಿಯೊಳಗೆ ಇನ್ನಿಬ್ಬರು.

“ಬಲಗಡೆಯವರು ಅಣ್ಣ,” ಮೇಕಪ್‌ನವನು ಡಬ್ಬಿ ಎತ್ತಿಕೊಂಡು ಹೊರಡುತ್ತ ಅಂದ. ಬಾಗಿಲಲ್ಲಿ ನಿಂತು ತಿರುಗಿ ನೋಡಿದ. “ಅಲ್ಲ, ಎಡಗಡೆ... ಕುರ್ಚಿ ಬದಲಾಯಿಸ್ಕೊಂಡ್ರಾ?” ಇಬ್ಬರೂ ಒಟ್ಟಿಗೆ ಹುಬ್ಬೇರಿಸಿದರು. ಅವನು ಬೇಗ ಬೇಗ ಹೊರಟುಹೋದ.

“ಬಾ ರಬ್ಬರ್,” ಒಬ್ಬರು ಅಂದರು. “ಯಾರು ಯಾರು, ಹೇಳು ನೋಡೋಣ.”

“ಹೇಳು ನೋಡೋಣ,” ಇನ್ನೊಬ್ಬರು ಅದೇ ದನಿಯಲ್ಲಿ ಅಂದರು.

ಅವಳಿಗೆ ತಿಳಿದಿದ್ದ ದಾರಿ ಒಂದೇ. ಕೈಯೆತ್ತಿ ಬಲಗಡೆಯ ಕೆನ್ನೆಗೆ ರಪ್ಪನೆ ಬೀಸಿ, ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಿಸಿದಳು. ಕಣ್ಣು ಮಿಟುಕಲಿಲ್ಲ. ಹಾಗಾದರೆ ಇವರು ಅಣ್ಣ. ಖಚಿತವಾಗಲಿ ಎಂದು ಎಡಗಡೆಗೂ ಬೀಸಿದಳು.

ಆ ಕಣ್ಣೂ ಮಿಟುಕಲಿಲ್ಲ.

ಅವಳು ಕೈ ಇಳಿಸಿದಳು. ನಾಲ್ಕು ಮುಖಗಳು ಅವಳನ್ನೇ ನೋಡುತ್ತಿದ್ದವು, ಒಂದರಲ್ಲೂ ಹೆದರಿಕೆಯಿಲ್ಲ. ಹೊರಗೆ ಜನ ಅಣ್ಣಾ ಅಣ್ಣಾ ಎಂದು ಕೂಗುತ್ತಿದ್ದರು.

“ಸರಿ,” ಅಂದಳು. “ನಾನು ಕೆಲಸ ಬಿಟ್ಟೆ. ಹೋಗೋ ಮುಂಚೆ ಒಂದು ಮಾತು. ನಿಮ್ಮಲ್ಲಿ ಒಬ್ಬರನ್ನ ನಾನು ಪ್ರೀತಿಸ್ತೀನಿ. ದಿನಾ ಎಲ್ಲರಿಗಿಂತ ಕೊನೇಲಿ ಅವರ ಮುಖ ನೋಡಿದವಳು ನಾನು. ಈಗ ಆ ಮುಖ ನನಗೇ ನೆನಪಿಗೆ ಬರ್ತಿಲ್ಲ. ಅದಕ್ಕೆ ಹೊರಟೆ. ಇನ್ನು ಬರಲ್ಲ.”

ಎಡಗಡೆಯ ಕಣ್ಣು ಒಮ್ಮೆ ಬಿಗಿಯಾಗಿ ಮುಚ್ಚಿ ತೆರೆಯಿತು.

ಅವಳು ಅವನ ಮುಂಗೈ ಹಿಡಿದಳು. “ಏಳು.”

“ಭಯ ಆಗ್ತಿದೆ,” ಅವನೆಂದ. ದನಿ ಅಣ್ಣನದಲ್ಲ.

“ಆಗ್ಲಿ. ಎಷ್ಟು ಹೊತ್ತು ಕಾಯಿಸ್ತೀಯ ಮಾರಾಯ.”

ಕಿವಿಯ ಕೆಳಗೆ ಉಗುರು ಹಾಕಿ ಮುಖವಾಡವನ್ನು ಎಳೆದಳು. ಅದು ಚರ್ಮ ಸುಲಿಯುವ ಸದ್ದು ಮಾಡುತ್ತ ಬಂತು. ಒಳಗೆ ಕೆಂಪಗೆ ಬೆವೆತ, ಅಲ್ಲಲ್ಲಿ ಅಂಟು ಹತ್ತಿದ ಒಂದು ಮುಖ. ಒಂದು ಗಳಿಗೆ ಅದು ಯಾರದೋ ಅನ್ನಿಸಿತು. ಆಮೇಲೆ ಮೂಗು ಮೂಗಾಗಿ, ಗಲ್ಲ ಗಲ್ಲವಾಗಿ ತಂತಮ್ಮ ಜಾಗಕ್ಕೆ ಬಂದು ನಿಂತವು.

“ಹೀಗಿದ್ಯಾ ನೀನು?”

“ಹೇಗಿದ್ದೀನಿ?”

“ಸುಮಾರಾಗಿದ್ದೀಯ.”

ಅವನು ನಕ್ಕ. ಅವನ ನಗುವನ್ನು ಸದ್ದಿನ ಸಮೇತ ಅವಳು ಕೇಳಿದ್ದು ಅದೇ ಮೊದಲು.

ಬಾಗಿಲು ತೆರೆಯಿತು. ಅಕ್ಕ ನೇರವಾಗಿ ಬಲಗಡೆಯ ಕುರ್ಚಿಯ ಹತ್ತಿರ ಹೋದರು. “ಏಳಪ್ಪ ಬೆನ್ನು, ಹಗ್ಗ ಕಟ್ಟಬೇಕು. ತಮ್ಮ ಎಲ್ಲಿ, ಮಲಗೋಕೆ ಹೋದ್ನಾ?”

“ಅಕ್ಕಾ, ನಾನೇ ಕಣೇ.”

“ದನಿ ಸಮೇತ ಕಲಿತಿದ್ದೀಯಲ್ಲ, ಭೇಷ್!” ಅಕ್ಕ ಒಡಹುಟ್ಟಿದ ತಮ್ಮನ ಕೆನ್ನೆ ಹಿಂಡಿ ನೋಡಿದರು. “ಎಷ್ಟು ಚೆನ್ನಾಗಿ ಅಂಟಿಸಿದ್ದಾರೆ.”

“ಅಕ್ಕಾ, ಅವರು ಅಣ್ಣ,” ಅವನೆಂದ. “ನಾನು ಇಲ್ಲಿದ್ದೀನಿ.”

ಅಕ್ಕ ತಿರುಗಿ, ತಾನೇ ಹುಡುಕಿ ತಂದವನ ಮುಖವನ್ನು ಮೇಲಿಂದ ಕೆಳಗೆ ನೋಡಿದರು. “ನೀನ್ಯಾರಪ್ಪ?”

ಕುರ್ಚಿಯಲ್ಲಿದ್ದ ಅಣ್ಣ ಅಕ್ಕನನ್ನೂ ಅವನನ್ನೂ ನೋಡಿದರು. ಅವರ ಕಣ್ಣುಗಳು ಪಟಪಟನೆ ಮಿಟುಕಿದವು. ಸೊಂಟ ಹಿಡಿದುಕೊಂಡು ಎದ್ದು, ಕನ್ನಡಿಗೆ ಬೆನ್ನು ಹಾಕಿ ನಿಂತರು.

“ಹಗ್ಗ ಬೇಡ. ಮೆಟ್ಟಿಲಿಳಿದು ಹೋಗ್ತೀನಿ. ನನಗೆ ಹಾರೋಕಾಗಲ್ಲ ಅಂತ ಅವರಿಗೆ ನಾನೇ ಹೇಳ್ತೀನಿ,” ಅಂದರು. “ಅವನನ್ನ ಬಿಡೇ ಅಕ್ಕಾ, ಹೋಗ್ಲಿ.”

“ಅಯ್ಯೋ ದೇವರೇ, ತಮ್ಮಾ!” ಅಕ್ಕನ ಕೈ ಬಾಯಿಗೆ ಹೋಯಿತು. ಸುಧಾರಿಸಿಕೊಂಡು ಮತ್ತೆ ಇತ್ತ ತಿರುಗಿದರು. “ಹಾಗಾದ್ರೆ ಇವರು...?”

“ನಮ್ಮವರು,” ಅವಳು ಹೇಳಿದಳು.

ಹೊರಗೆ ಬಿಸಿಲು. ಕಪ್ಪು ಗಾಜಿನ ಕಾರು ಹಿಂಬಾಗಿಲಲ್ಲಿ ಕಾಯುತ್ತಿತ್ತು. ಇಬ್ಬರೂ ಆ ಕಡೆ ಹೋಗದೆ ಜನರ ನಡುವೆಯೇ ನಡೆದರು. ಎಲ್ಲರೂ ಕತ್ತೆತ್ತಿ ವೇದಿಕೆ ನೋಡುತ್ತಿದ್ದರು. ಅವನ ಮುಖ ನೋಡಿದವರು ಯಾರೂ ಇಲ್ಲ. ಅವಳೊಬ್ಬಳು ಬಿಟ್ಟ ಕಣ್ಣು ಬಿಟ್ಟ ಹಾಗೆ ಅವನನ್ನೇ ನೋಡುತ್ತ ಹೋಗಿ ಯಾರದೋ ಕಾಲು ತುಳಿದಳು.

“ಮುಂದೆ ನೋಡ್ಕೊಂಡು ನಡಿ,” ಅವನೆಂದ.

“ಆಮೇಲೆ ನೋಡ್ತೀನಿ.”